ಬೈಯದ ಭಟ್ಟನ ಪಾಯಸ

“ಬುದ್ಧಿ, ‘ತಪ್ಪಾದರೆ ಹೇಳಿ, ಬೈಯುವುದಿಲ್ಲ’ ಎಂದು ನಮ್ಮ ಸಾಫ್ಟ್‌ವೇರ್ ಕಂಪನಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೇನೆ. ಯಾರನ್ನೂ ಬೈದದ್ದೂ ಇಲ್ಲ. ಆದರೂ ನಾವು ಮಾಡಿದ್ದು ಕೆಟ್ಟಿದೆ ಎಂದು ನನಗೆ ತಿಳಿಯುವುದು ಗಿರಾಕಿಗಳಿಂದ. ಹೀಗೇ ಆದರೆ ಇರುವ ಒಬ್ಬ ದೊಡ್ಡ ಗಿರಾಕಿಯೂ ಕೈಬಿಡುತ್ತಾನೆ. ನನ್ನವರು ಬಾಯಿ ಏಕೆ ಬಿಡುವುದಿಲ್ಲ?” ಎಂದು ವಿರೂಪಾಕ್ಷ ಕೇಳಿದ. ಗೋಡೆಗೆ ಇನ್ನೊಂದು ಒಳ್ಳೆಯ ಸಾಲು ಸಿಕ್ಕೀತೆಂಬ ಆಸೆಯಿಂದ ಅವನು ಮಠಕ್ಕೆ ಬಂದಿದ್ದ.

ಗುರುಗಳು ಕತೆ ಹೇಳಿದರು.

ಒಬ್ಬ ಅಡುಗೆ ಭಟ್ಟನಿದ್ದ. ಮದುವೆ ಮನೆಗಳ ಅಡುಗೆ ಹಿಡಿಯುತ್ತಿದ್ದ. “ತಪ್ಪಾದರೆ ತಕ್ಷಣ ಹೇಳಿ. ಬೈದರೆ ನನ್ನ ನಾಲಿಗೆ ಸುಟ್ಟುಹೋಗಲಿ” ಎಂದು ಕೈಕೆಳಗಿನವರಿಗೆ ಮಾತು ಕೊಟ್ಟಿದ್ದ. ಒಂದು ಮದುವೆಯಲ್ಲಿ ಅವರಲ್ಲೊಬ್ಬ ಬಂದು, ಸಾರಿಗೆ ಎರಡು ಸಲ ಉಪ್ಪು ಬಿತ್ತು ಎಂದ. ಭಟ್ಟ ಬೈಯಲಿಲ್ಲ. ಇನ್ನಷ್ಟು ಬೇಳೆ ಬೇಯಿಸಿ ಸುರಿದು ಸಾರನ್ನು ಸರಿಮಾಡಿದ. ಮಾನ ಉಳಿಯಿತು. ಸಂಜೆ ಎಲೆ ಅಡಿಕೆ ಮೆಲ್ಲುತ್ತ, “ನಮ್ಮ ಸಮುದ್ರರಾಜ ಎಲ್ಲಿ?” ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಆ ಮನುಷ್ಯ ಅತ್ತೆಮನೆಯಲ್ಲೂ ಸಮುದ್ರರಾಜನೇ ಆದ.

ಮುಂದೆ ಭಟ್ಟನ ಮಗಳ ಮದುವೆಯೇ ಬಂತು. ಬೀಗರು ಬಿಗಿ ಜನ. ಊಟದಲ್ಲಿ ಕೊರತೆ ಕಂಡರೆ ಹುಡುಗಿಯನ್ನು ಜನ್ಮವಿಡೀ ಆಡಿಕೊಳ್ಳುವವರು. ಅಂದೇ ಪಾಯಸ ತಳ ಹಿಡಿಯಿತು. ಸೌಟಾಡಿಸುತ್ತಿದ್ದವನು ಮೂಸಿ ನೋಡಿದ, ಸದ್ದಿಲ್ಲದೆ ಒಂದು ಹಿಡಿ ಏಲಕ್ಕಿ ಪುಡಿ ಹಾಕಿದ. ಹಾಲು ತಂದವನ ಮೂಗಿಗೂ ಸೀದ ವಾಸನೆ ಬಡಿಯಿತು. ಅವನೂ ಒಂದು ಹಿಡಿ ಹಾಕಿದ. ಬಡಿಸುವವನು ತನ್ನ ಪಾಲಿನದನ್ನೂ ಸೇರಿಸಿಯೇ ಬಕೆಟ್ ಎತ್ತಿದ.

ಬೀಗರಲ್ಲಿ ಹಿರಿಯರೊಬ್ಬರು ಒಂದು ಗುಟುಕು ಕುಡಿದರು. “ಕಷಾಯ ಚೆನ್ನಾಗಿದೆ ಭಟ್ಟರೇ. ಪಾಯಸ ಯಾವಾಗ ಬಡಿಸುತ್ತೀರಿ?” ಎಂದರು. ಪಂಕ್ತಿಯೆಲ್ಲ ನಕ್ಕಿತು. ಹಸೆಯ ಮೇಲೆ ಕೂತಿದ್ದ ಮಗಳು ತಲೆ ತಗ್ಗಿಸಿದಳು.

ಭಟ್ಟ ಅಡುಗೆ ಮನೆಗೆ ಓಡಿ ಪಾಯಸದ ಪಾತ್ರೆಯ ತಳ ಕೆರೆದು ನೋಡಿದ.

“ಸೀದದ್ದು ನಿಮಗೆಲ್ಲ ಗೊತ್ತಿತ್ತೇನ್ರೋ?”

“ಗೊತ್ತಿತ್ತು ಭಟ್ಟರೇ.”

“ಹೇಳಿದ್ದರೆ ನಾನು ಬೈಯುತ್ತಿದ್ದೆನೇ?”

“ಇಲ್ಲ,” ಎಂದ ಸೌಟು ಹಿಡಿದವನು. “ನಾಮಕರಣ ಮಾಡುತ್ತಿದ್ದಿರಿ.”

ವಿರೂಪಾಕ್ಷ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗೆ ಮುಗಿಯುವವರೆಗೆ ಗುರುಗಳು ಕಾದರು.

“ನಿನ್ನ ಕಂಪನಿಯಲ್ಲಿ ಮೊದಲು ತಪ್ಪು ಒಪ್ಪಿಕೊಂಡವನನ್ನು ಈಗ ಏನೆಂದು ಕರೆಯುತ್ತೀರಪ್ಪ?”

ವಿರೂಪಾಕ್ಷ ಆ ಅಡ್ಡಹೆಸರನ್ನು ಹೇಳಹೋಗಿ ನಾಲಿಗೆ ಕಚ್ಚಿಕೊಂಡ.