ಹುಲಿಗೆವ್ವನ ಎಂಟುನೂರ ಅರವತ್ತು ಪದಗಳು

ಹೊಳೆಯ ದಡದಲ್ಲಿ ಕೊಟ್ರಜ್ಜನ ಮಠವಿತ್ತು. ಮಠವೆಂದರೆ ದೊಡ್ಡದೇನಲ್ಲ. ನಾಲ್ಕು ಕಂಬದ ಒಂದು ಕಲ್ಲುಮಂಟಪ, ಮುಂದೆ ತೆಂಗಿನ ಗರಿಯ ಚಪ್ಪರ, ಮೂಲೆಯಲ್ಲೊಂದು ಒಲೆ. ಒಲೆಯ ಮೇಲೆ ಸದಾ ಗಂಜಿ ಬೇಯುತ್ತಿತ್ತು. ಬಂದವರು ಯಾರು, ಯಾವ ಊರು ಎಂದು ಕೇಳದೆ ಅಜ್ಜ ಒಂದು ಬಟ್ಟಲು ಗಂಜಿ ಕೊಡುತ್ತಿದ್ದ.

ಅವನು ಕಾವಿ ಉಟ್ಟವನಲ್ಲ, ಶಾಸ್ತ್ರ ಓದಿದವನೂ ಅಲ್ಲ. ಆಚೆ ದಡದ ಹಾಳು ಗುಡಿಗಳನ್ನು ಅಗೆದು ನೋಡಲು ಬರುತ್ತಿದ್ದ ಪರದೇಶದವರಿಗೆ ನಲವತ್ತು ವರ್ಷ ಅಡುಗೆ ಮಾಡಿ ಬಡಿಸಿದವನು. ಬಡಿಸುತ್ತ ಬಡಿಸುತ್ತಲೇ ಇಂಗ್ಲಿಷು ಅವನ ನಾಲಿಗೆಗೆ ಹತ್ತಿತ್ತು. ಓದಲು ಬರೆಯಲು ಮಾತ್ರ ಒಂದಕ್ಷರವೂ ಬರುತ್ತಿರಲಿಲ್ಲ.

ಒಂದು ಮುಂಜಾನೆ ಹುಲಿಗೆವ್ವ ಅವನ ಮುಂದೆ ಬಂದು ಕುಳಿತಳು. ಕೈಯಲ್ಲಿ ಒಂದು ದಪ್ಪ ನೋಟ್‌ಬುಕ್ಕು.

ಹುಲಿಗೆವ್ವ ಹರಿಗೋಲು ನಡೆಸುವವಳು. ಬಿದಿರು ಹೆಣೆದು ಡಾಂಬರು ಬಳಿದ ದುಂಡನೆಯ ಬುಟ್ಟಿ ಅದು. ಎಂಟು ಜನ ಕೂರಬಹುದು. ಲಕ್ವ ಹೊಡೆದು ಅವಳ ಅಪ್ಪನ ಬಲಗೈ ಬಿದ್ದುಹೋದ ಮೇಲೆ ಹರಿಗೋಲಿನ ಹುಟ್ಟು ಅವಳ ಕೈಗೆ ಬಂದಿತ್ತು. ಗುಡಿ ನೋಡಲು ಬಂದವರನ್ನು ಈ ದಡದಿಂದ ಆ ದಡಕ್ಕೆ ಮುಟ್ಟಿಸುವುದು ಅವಳ ಕೆಲಸ. ಅವಳಷ್ಟು ಚೆನ್ನಾಗಿ ಹುಟ್ಟು ಹಾಕುವವರು ಆ ದಡದಲ್ಲಿ ಇನ್ನೊಬ್ಬರಿರಲಿಲ್ಲ. ಇದನ್ನು ಒಪ್ಪಲು ಗಂಡಸರು ಸ್ವಲ್ಪ ಮೂಗು ಮುರಿಯುತ್ತಿದ್ದರು, ಅಷ್ಟೆ.

"ಅಜ್ಜಾರ, ನನಗ ಇಂಗ್ಲಿಷ್ ಕಲಸ್ರಿ," ಎಂದಳು.

"ಯಾಕ?"

"ದಡದ ಸಮಿತಿಯವರು ಹೊಸ ಕಾನೂನು ಮಾಡ್ಯಾರ. ಅಮಾಸಿ ಆದ ಮರುದಿನ ಒಬ್ಬಾಕಿ ಮೇಡಮ್ಮ ಬರ್ತಾಳಂತ. ಹರಿಗೋಲಿನ್ಯಾಗ ಕುಂತು ಇಂಗ್ಲಿಷಿನ್ಯಾಗ ಮಾತಾಡಸ್ತಾಳಂತ. ಉತ್ತರ ಕೊಟ್ಟವರಿಗೆ ಹರಿಗೋಲು ನಡಸಾಕ ಪಾಸು ಕೊಡ್ತಾರಂತ. ಕೊಡದಿದ್ದವರು ಹರಿಗೋಲು ದಡದ ಮ್ಯಾಲೆ ಬೋರಲು ಹಾಕಬೇಕು."

ಹೊಳೆ ಬಿಟ್ಟು ಬದುಕುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

"ಅಮಾಸಿಗೆ ಎಷ್ಟು ದಿನ ಐತಿ?"

"ಇಪ್ಪತ್ತೊಂದು ದಿನ ಐತ್ರಿ. ಆದ್ರ ನಾ ಸುಮ್ಮನ ಕುಂತಿಲ್ಲ. ಅಕ್ಕನ ಮಗಳ ಪುಸ್ತಕ ನೋಡಿ ಎಂಟುನೂರಾ ಅರವತ್ತು ಪದ ಬರಕೊಂಡೀನಿ. ಎಲ್ಲಾ ಬಾಯಿಪಾಠ."

ಅಜ್ಜ ಗಂಜಿ ತಿರುವುತ್ತ ಇಂಗ್ಲಿಷಿನಲ್ಲಿ ಕೇಳಿದ. "ಆರ್ ಯು ಹಂಗ್ರಿ?"

ಹುಲಿಗೆವ್ವ ಕಣ್ಣು ಮುಚ್ಚಿದಳು. ತುಟಿ ಅಲ್ಲಾಡಿದವು. "ಹಂಗ್ರಿ... ಹಂಗ್ರಿ ಅಂದ್ರ ಹಸಿವು. ಮೂವತ್ತೊಂದನೇ ಪುಟ, ಮ್ಯಾಲಿಂದ ನಾಕನೇದು!"

"ಪುಟ ನನಗ ಬ್ಯಾಡ. ಹಸದೀಯೇನು?"

ಮುಂಜಾನೆಯಿಂದ ಹೊಟ್ಟೆಗೆ ಏನೂ ಹಾಕಿಲ್ಲವೆಂದು ಅವಳಿಗೆ ಆಗ ನೆನಪಾಯಿತು.

ಅಜ್ಜ ಬಟ್ಟಲು ತುಂಬ ಗಂಜಿ ಕೊಟ್ಟ. ಅವಳು ಉಣ್ಣುವಾಗ ನೋಟ್‌ಬುಕ್ಕನ್ನು ಎತ್ತಿ ಒಲೆಯ ಮೇಲಿನ ಹಲಗೆಯಲ್ಲಿ, ಉಪ್ಪಿನ ಭರಣಿಯ ಪಕ್ಕ ಇಟ್ಟ.

"ಇದು ಇಲ್ಲೇ ಇರ್ಲಿ."

"ಅಯ್ಯ, ಅದಿಲ್ಲದ ಹ್ಯಾಂಗ್ರಿ?"

"ನಿನಗ ಒಂದು ಮಾತು ಕೊಡ್ತೀನಿ. ಸಿಟ್. ಅಂದ್ರ, ಕೂಡ್ರು. ಇವತ್ತು ಮೂರು ಮಂದಿಗೆ ಹೇಳು. ನಾಳೆ ಬಾ."

"ಸಿಟ್ ನನಗ ಗೊತ್ತೈತ್ರಿ! ಅರವತ್ತನೇ ಪುಟ."

"ಮೂರು ಮಂದಿಗೆ," ಎಂದು ಅಜ್ಜ ಒಲೆಯ ಕಡೆ ತಿರುಗಿದ.

ಅವಳಿಗೆ ಸಿಟ್ಟು ಬಂತು. ಇಪ್ಪತ್ತೊಂದು ದಿನಕ್ಕೆ ಇಪ್ಪತ್ತೊಂದೇ ಮಾತು. ಈ ಮುದುಕನಿಗೆ ಅರಳುಮರಳು ಇರಬೇಕು ಎಂದುಕೊಂಡೇ ದಡಕ್ಕೆ ಇಳಿದಳು.

ಮರುದಿನ ಬಂದಳು. "ಹೇಳಿದೆ ಅಜ್ಜಾರ. ಮೂವರಿಗೂ ಹೇಳಿದೆ."

"ಅವರೇನಂದ್ರು?"

ಇದನ್ನು ಅವಳು ಎಣಿಸಿರಲಿಲ್ಲ. ನೆನಪು ಮಾಡಿಕೊಂಡಳು. "ಇಬ್ಬರು ಸುಮ್ಮನ ಕುಂತ್ರು. ಒಬ್ಬಾಂವ ಉದ್ದನ ಮನಶಾ, ಕಾಲು ಎಲ್ಲಿ ಇಡಬೇಕೋ ತಿಳೀಲಿಲ್ಲ. ವ್ಹೇರ್, ವ್ಹೇರ್ ಅಂದ. ನಾ ಜಾಗಾ ಕೈ ಮಾಡಿ ತೋರಿಸಿದೆ."

"ವ್ಹೇರ್ ಅಂದ್ರೇನು?"

"ಎಲ್ಲಿ ಅಂತ."

"ಹಂಗಾರ ಇವತ್ತು ಅದನ್ನ ಒಯ್ಯಿ. ಮೂರು ಮಂದಿಗೆ."

ಅವಳು 'ವ್ಹೇರ್' ಒಯ್ದಳು. ನಿಮ್ಮ ಊರು ಎಲ್ಲಿ ಎಂದು ಒಬ್ಬ ಮುದುಕಿಯನ್ನು ಕೇಳಿದಳು. ಆ ಮುದುಕಿ ಊರ ಹೆಸರು ಹೇಳಿ 'ಕೋಲ್ಡ್' ಎಂದು ಎರಡೂ ತೋಳು ಅಪ್ಪಿಕೊಂಡು ನಡುಗಿ ತೋರಿಸಿದಳು. ಮರುದಿನ ಹುಲಿಗೆವ್ವ 'ಕೋಲ್ಡ್' ಒಯ್ದಳು. ನೀರು ತಣ್ಣಗಿದೆ, ಕೈ ಇಟ್ಟು ನೋಡಿ ಎಂದು ಒಬ್ಬ ಹೆಂಗಸಿಗೆ ಹೇಳಿದಳು. ಹೆಂಗಸು ಕೈ ಇಟ್ಟು, 'ಡೀಪ್?' ಎಂದು ಕೇಳಿದಳು. ಆಳವೇ?

ಹೀಗೆ ದಿನಾ ಒಂದು ಮಾತು ಒಯ್ಯುವುದು, ಬರುವಾಗ ಇನ್ನೊಂದು ತರುವುದು. ಅಜ್ಜ ಹೊಸದೇನನ್ನೂ ಕೊಡಲಿಲ್ಲ. ಗಂಜಿ ಕೊಡುತ್ತಿದ್ದ, ಒಂದೇ ಪ್ರಶ್ನೆ ಕೇಳುತ್ತಿದ್ದ.

"ಅವರೇನಂದ್ರು?"

ಆರನೆಯ ದಿನ ದಡಕ್ಕೆ ಯಾರೂ ಬರಲಿಲ್ಲ. ಅವಳು ಹರಿಗೋಲು ಕಟ್ಟಿ, ನೀರಿನ ನಡುವಿನ ಬಂಡೆಗಳನ್ನು ನೋಡುತ್ತ ಅಂದಿನ ಮಾತನ್ನು ನೂರು ಸಲ ಹೇಳಿದಳು. ಮೂರಕ್ಕಿಂತ ನೂರು ದೊಡ್ಡದಲ್ಲವೇ?

"ಹೇಳಿದೆ ಅಜ್ಜಾರ," ಎಂದಳು ಮರುದಿನ.

"ಅವರೇನಂದ್ರು?"

"ಅವರು... ಏನೂ ಅನಲಿಲ್ರಿ."

"ಬಂಡಿಗಲ್ಲು ಏನಂದಾವು?" ಮಠದಿಂದ ದಡವೆಲ್ಲ ಕಾಣುತ್ತಿತ್ತು.

ಅವಳು ನಾಲಿಗೆ ಕಚ್ಚಿಕೊಂಡಳು. ಅಜ್ಜ ಗಂಜಿಯ ಬಟ್ಟಲು ಮುಂದೆ ಸರಿಸಿದ.

ಹನ್ನೆರಡನೆಯ ದಿನಕ್ಕೆ ಅವಳ ನಾಲಿಗೆ ತುಸು ಸಡಿಲವಾಗಿತ್ತು. ಮಾತಿಗೆ ಮಾತು ಪೋಣಿಸಲು ಧೈರ್ಯ ಬಂದಿತ್ತು. ಅವತ್ತೇ ಪಟ್ಟಣದಿಂದ ಕಾಲೇಜಿನ ಹುಡುಗ ಹುಡುಗಿಯರ ಒಂದು ಗುಂಪು ಬಂತು. ಜೊತೆಗೆ ಇಬ್ಬರು ಪರದೇಶದವರೂ ಇದ್ದರು.

"ಯು ಸಿಟ್ ದೇರ್. ಐ ಸಿಟ್ ಹಿಯರ್. ವೀ ಗೋ ಸ್ಲೋ ಸ್ಲೋ," ಎಂದಳು ಹುಲಿಗೆವ್ವ. ನೀವು ಅಲ್ಲಿ ಕೂಡಿ, ನಾನು ಇಲ್ಲಿ, ಮೆಲ್ಲಗೆ ಹೋಗೋಣ.

ಪರದೇಶದವರು ತಲೆಯಾಡಿಸಿ ಕುಳಿತರು. ನಕ್ಕವರು ನಮ್ಮವರೇ. ಒಬ್ಬಳು ಹುಡುಗಿ ಹುಲಿಗೆವ್ವನ ದನಿಯಲ್ಲೇ 'ಸ್ಲೋ ಸ್ಲೋ' ಎಂದು ಅಣಕಿಸಿದಳು. ಮತ್ತೊಬ್ಬ, ಇನ್ನೊಂದು ಸಲ ಹೇಳಕ್ಕಾ ಎಂದು ಮೊಬೈಲು ಹಿಡಿದ. ಆಚೆ ದಡ ಮುಟ್ಟುವವರೆಗೂ ಅದೇ ನಗು.

ಅವಳು ಈ ದಡಕ್ಕೆ ಮರಳಿ, ಹರಿಗೋಲು ಕಟ್ಟಿ ನೇರ ಮಠಕ್ಕೆ ಬಂದಳು.

"ನನ್ನ ನೋಟ್‌ಬುಕ್ ಕೊಡ್ರಿ."

"ಅವರೇನಂದ್ರು?"

"ಏನೂ ಅನಲಿಲ್ಲ. ನಕ್ರು! ಎಲ್ಲರ ಮುಂದ ನನ್ನ ಮಾನ ಹೋತು. ನಾ ಮನ್ಯಾಗ ಕುಂತು ಪೂರ್ತಿ ಕಲೀತೀನಿ. ಒಂದೂ ತಪ್ಪು ಬರಬಾರದು, ಅಲ್ಲೀಮಟಾ ಬಾಯಿ ತಗಿಯಾಂಗಿಲ್ಲ."

ಹೇಳುತ್ತ ಹೇಳುತ್ತ ಅತ್ತಳು. ಅಜ್ಜ ಸಮಾಧಾನದ ಮಾತು ಹೇಳಲಿಲ್ಲ. ನೋಟ್‌ಬುಕ್ಕನ್ನೂ ಕೊಡಲಿಲ್ಲ.

"ನಾಳೆ ದಡದಾಗ ಮಂದಿ ಯಾವಾಗ ಭಾಳ ಇರ್ತಾರ?" ಎಂದು ಕೇಳಿದ.

"ಹತ್ತು ಗಂಟೆಕ್ಕ. ಯಾಕ್ರಿ?"

"ಬರ್ತೀನಿ."

ಮರುದಿನ ಹತ್ತು ಗಂಟೆಗೆ ದಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಟ್ಟೆ ಒಗೆಯುವವರು, ಚಹಾದಂಗಡಿಯವರು, ಗುಡಿಗೆ ಹೊರಟವರು, ಸರದಿಗೆ ಕಾದ ಹರಿಗೋಲಿನವರು. ಅವರ ನಡುವೆ ಕೊಟ್ರಜ್ಜ ಧೋತರ ಮೇಲೆ ಕಟ್ಟಿಕೊಂಡು ಬಂದ. ಹುಲಿಗೆವ್ವನ ಹರಿಗೋಲು ಹತ್ತಿ, ಅವಳ ಕೈಯಿಂದ ಹುಟ್ಟು ತೆಗೆದುಕೊಂಡ.

"ಅಜ್ಜಾರ, ನಿಮಗ ಬರ್ತೈತೇನ್ರಿ?"

"ಎಪ್ಪತ್ತೆಂಟು ವರ್ಷ ಈ ಹೊಳಿ ದಂಡ್ಯಾಗ ಅದೀನಿ. ಒಂದು ದಿನಾನೂ ಹುಟ್ಟು ಹಿಡದಿಲ್ಲ. ಬಿಡು, ಹೋಗೋಣು."

ಅವಳು ಗಾಬರಿಯಿಂದ ಎದುರಿಗೆ ಕುಳಿತಳು. ಅಜ್ಜ ಬಲಕ್ಕೆ ಹುಟ್ಟು ಹಾಕಿದ. ಹರಿಗೋಲು ಮುಂದೆ ಹೋಗಲಿಲ್ಲ, ಒಂದು ಸುತ್ತು ತಿರುಗಿತು. ಎಡಕ್ಕೆ ಹಾಕಿದ. ಆ ಕಡೆಗೆ ತಿರುಗಿತು. ಮತ್ತೆ ಬಲಕ್ಕೆ. ಮತ್ತೆ ಒಂದು ಸುತ್ತು. ಅಡುಗೆಯವನಲ್ಲವೇ, ಗಂಜಿ ತಿರುವಿದ ಹಾಗೆ ಹೊಳೆಯನ್ನೇ ತಿರುವುತ್ತಿದ್ದ.

ದಡ ನಗತೊಡಗಿತು. ಒಗೆಯುವವರು ಬಟ್ಟೆ ಬಿಟ್ಟು ನಿಂತರು. ಚಹಾದಂಗಡಿಯವನು ಹೊಟ್ಟೆ ಹಿಡಿದುಕೊಂಡ. ಹುಲಿಗೆವ್ವನ ಅಪ್ಪ, ಕೈ ಬಿದ್ದಾಗಿನಿಂದ ನಗದವನು, ಕಲ್ಲಿನ ಮೇಲೆ ಕುಳಿತು ಗಹಗಹಿಸಿದ. ಅಜ್ಜನ ಮುಖ ಮಾತ್ರ ಒಲೆಯ ಮುಂದೆ ಕುಳಿತಾಗಿನಷ್ಟೇ ಶಾಂತವಾಗಿತ್ತು. ತಿರುಗುತ್ತಲೇ ಇದ್ದ.

ಹುಲಿಗೆವ್ವನಿಗೂ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು. ಆದರೂ ನಗು ಉಕ್ಕಿತು.

"ನಗಾಕತ್ತೀಯೇನು?"

"ತಪ್ಪಾತ್ರಿ ಅಜ್ಜಾರ."

"ನೀ ಮೊದಲನೇ ಸಲ ಹುಟ್ಟು ಹಿಡದಾಗ?"

"ನಾನೂ ಹಿಂಗ ತಿರಗಿದ್ದೆ. ಮುಂಜಾನಿಂದ ಸಂಜೀತನಾ."

"ದಡದಾಗಿನವರು ನಗಲಿಲ್ಲೇನು?"

"ಬಿದ್ದು ಬಿದ್ದು ನಕ್ರು."

"ಹರಿಗೋಲು ಮುಣಗಿತೇನು?"

ಅವಳ ನಗು ನಿಂತಿತು. ಅಜ್ಜನ ಬೆವೆತ ಹಣೆಯನ್ನು, ನಡುಗುವ ತೋಳುಗಳನ್ನು ನೋಡಿದಳು. ದಡದ ನಗು ಇನ್ನೂ ಕೇಳುತ್ತಿತ್ತು. ಅದು ಈಗ ಬರೀ ಸದ್ದು.

"ಇಲ್ರಿ," ಎಂದಳು ಮೆಲ್ಲಗೆ.

ಅಜ್ಜ ಹುಟ್ಟನ್ನು ಅವಳ ಕೈಗಿತ್ತ. "ದಡಕ್ಕ ಹಚ್ಚು. ಒಲಿ ಮ್ಯಾಲೆ ಗಂಜಿ ತಳ ಹತ್ತತೈತಿ."

ಅಂದು ಅವಳು ಮೂರಲ್ಲ, ಇಪ್ಪತ್ತು ಮಂದಿಯ ಜೊತೆ ಮಾತಾಡಿದಳು. ನಕ್ಕವರು ನಕ್ಕರು. ಅವರು ನಕ್ಕಾಗ ಅವಳೂ ನಕ್ಕಳು. ನಕ್ಕು, 'ಹೌ ಯು ಸೇ?' ಎಂದು ಕೇಳಿದಳು. ನೀವಾದರೆ ಹೇಗೆ ಹೇಳುತ್ತೀರಿ? ಅವರು ಹೇಳಿಕೊಟ್ಟರು. ನಗುವವರು ಇಷ್ಟು ಬೇಗ ಕಲಿಸುವವರಾಗುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ.

ಅಮಾವಾಸ್ಯೆ ಕಳೆಯಿತು. ಮೇಡಮ್ಮ ಬಂದಳು. ಒಬ್ಬೊಬ್ಬರ ಹರಿಗೋಲಿನಲ್ಲೂ ಕುಳಿತು ಒಂದು ಸುತ್ತು ಹೋಗಿಬರುತ್ತಿದ್ದಳು. ಹುಲಿಗೆವ್ವನ ಸರದಿ ಬಂತು.

ಹೆಸರೇನು, ಎಷ್ಟು ವರ್ಷದಿಂದ ಹುಟ್ಟು ಹಾಕುತ್ತೀ, ಎಷ್ಟು ಜನ ಕೂರಬಹುದು. ಮೇಡಮ್ಮ ಇಂಗ್ಲಿಷಿನಲ್ಲಿ ಕೇಳಿದಳು. ಹುಲಿಗೆವ್ವ ತನಗೆ ಬಂದ ಹಾಗೆ ಹೇಳಿದಳು. ಹರಿಗೋಲು ನಡುನೀರಿಗೆ ಬಂತು.

ಆಗ ಮೇಡಮ್ಮ ಒಂದು ಪ್ರಶ್ನೆ ಕೇಳಿದಳು. ಅದರಲ್ಲಿ ಒಂದು ಮಾತು ಇತ್ತು, 'ವರ್ಲ್‌ಪೂಲ್'. ಈ ಹೊಳೆಯಲ್ಲಿ ವರ್ಲ್‌ಪೂಲ್ ಇದೆಯೇ?

ಹುಲಿಗೆವ್ವ ಹುಟ್ಟು ನಿಲ್ಲಿಸಿದಳು. ಎಂಟುನೂರ ಅರವತ್ತರಲ್ಲಿ ಅದು ಇರಲಿಲ್ಲ. ಇಪ್ಪತ್ತೊಂದು ದಿನದಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ದಡದಲ್ಲಿ ಸಮಿತಿಯವರು ಸಾಲಾಗಿ ನಿಂತಿದ್ದರು. ಒಂದು ತಿಂಗಳ ಹಿಂದಾಗಿದ್ದರೆ ಅವಳ ಬಾಯಿಗೆ ಬೀಗ ಬೀಳುತ್ತಿತ್ತು.

"ಐ ಡೋಂಟ್ ನೋ ದಟ್ ವರ್ಡ್," ಎಂದಳು. ಆ ಮಾತು ನನಗೆ ಗೊತ್ತಿಲ್ಲ. "ಯು ಶೋ ಮಿ." ನೀವು ತೋರಿಸಿ.

ಮೇಡಮ್ಮ ಬಗ್ಗಿ, ಬೆರಳನ್ನು ನೀರಿಗಿಟ್ಟು ಗರಗರ ತಿರುಗಿಸಿದಳು.

ಸುಳಿ! ಹುಲಿಗೆವ್ವನ ಮುಖ ಅರಳಿತು. ಸುಳಿಯ ವಿಷಯದಲ್ಲಿ ಅವಳಿಗೆ ಹೇಳಿಕೊಡುವವರು ಯಾರಿದ್ದಾರೆ?

"ವರ್ಲ್‌ಪೂಲ್ ದೇರ್," ಎಂದು ಎರಡು ಬಂಡೆಗಳ ನಡುವೆ ಕೈ ತೋರಿದಳು. "ಸಮ್ಮರ್ ಟೈಮ್, ಸ್ಮಾಲ್. ರೇನ್ ಟೈಮ್, ಬಿಗ್. ದೇರ್ ಐ ನೋ ಗೋ. ಯು ಸಿಟ್. ಯು ನೋ ಫಿಯರ್. ಐ ಸೀ, ಐ ಗೋ ದಿಸ್ ಸೈಡ್." ಬೇಸಿಗೆಯಲ್ಲಿ ಸಣ್ಣದು, ಮಳೆಗಾಲದಲ್ಲಿ ದೊಡ್ಡದು. ಅಲ್ಲಿಗೆ ಹೋಗೋದಿಲ್ಲ. ನೀವು ಹೆದರದೆ ಕೂಡಿ, ನಾನು ನೋಡಿಕೊಂಡು ಈ ಕಡೆಯಿಂದ ದಾಟಿಸುತ್ತೇನೆ.

ಆಮೇಲೆ ಮೇಡಮ್ಮ ಪರೀಕ್ಷೆ ಮಾಡುವುದನ್ನೇ ಮರೆತಳು. ಹೊಳೆಯ ಬಗ್ಗೆ ಕೇಳುತ್ತ ಹೋದಳು. ದಡಕ್ಕೆ ಬಂದು ಇಳಿಯುವಾಗ ಪಾಸನ್ನು ತಾನೇ ಹುಲಿಗೆವ್ವನ ಕೊರಳಿಗೆ ಹಾಕಿದಳು.

ಹುಲಿಗೆವ್ವ ಓಡುತ್ತ ಮಠಕ್ಕೆ ಬಂದಳು. ಅಜ್ಜ ಕೊರಳಿನ ಪಾಸು ನೋಡಿದ. ಅದರ ಬಗ್ಗೆ ಏನೂ ಕೇಳಲಿಲ್ಲ.

"ಅವಳೇನಂದ್ಲು?"

"ವರ್ಲ್‌ಪೂಲ್ ಅಂದ್ಲು ಅಜ್ಜಾರ. ಅಂದ್ರ ಸುಳಿ."

ಅಜ್ಜ ಹುಬ್ಬೇರಿಸಿದ. "ಇದು ನನಗ ಗೊತ್ತಿರಲಿಲ್ಲ. ಏನದು? ವರಲ್ಲ... ವರಪೂಲು?"

"ವರ್ಲ್‌ಪೂಲ್ರಿ."

"ವರಲಪ್ಪೂಲು."

ಅವಳು ನಕ್ಕಳು. ಅಜ್ಜ ಮತ್ತೊಮ್ಮೆ ಹೇಳಿದ. ಅವಳು ತಿದ್ದಿದಳು. ಮೂರನೆಯ ಸಲಕ್ಕೆ ಸರಿಯಾಗಿ ಬಂತು.

ಅಜ್ಜ ಹಲಗೆಯಿಂದ ನೋಟ್‌ಬುಕ್ಕು ತೆಗೆದು ಕೊಟ್ಟ. ಅದಕ್ಕೆ ಹೊಗೆಯ ವಾಸನೆ ಹತ್ತಿತ್ತು. ಅವಳು ಹಾಳೆ ತಿರುವಿದಳು. ಅರವತ್ತನೆಯ ಪುಟದಲ್ಲಿ ಸಿಟ್ ಇತ್ತು. ಆ ಮಾತು ಓದಿದ ಕೂಡಲೇ ಕಾಲಿಡಲು ಜಾಗ ತಿಳಿಯದೆ ನಿಂತ ಉದ್ದನೆಯ ಮನುಷ್ಯ ಕಣ್ಣಿಗೆ ಬಂದ.

ಇಪ್ಪತ್ತೊಂದು ದಿನದಲ್ಲಿ ಅಜ್ಜ ಕೊಟ್ಟದ್ದು ಅದೊಂದೇ ಮಾತು ಎಂದು ಆಗ ಅವಳಿಗೆ ಹೊಳೆಯಿತು. ಕಣ್ಣು ತುಂಬಿ ಬಂದವು. ಬಗ್ಗಿ ಅವನ ಪಾದ ಮುಟ್ಟಿದಳು.

"ನಾ ನಿಮಗೇನು ಕೊಡ್ಲಿ ಅಜ್ಜಾರ?"

ಅಜ್ಜ ಒಲೆಯಿಂದ ಗಂಜಿ ಇಳಿಸಿದ. ಎರಡು ಬಟ್ಟಲಿಗೆ ಬಡಿಸಿದ. ಒಂದನ್ನು ಅವಳ ಕಡೆ ಸರಿಸಿ, ಹೊಳೆಯ ಕಡೆ ನೋಡಿದ.

"ನನಗ ಹುಟ್ಟು ಹಾಕೂದು ಕಲಸು. ನಾಳೆ ಬರ್ತೀನಿ, ದಡದಾಗ ಮಂದಿ ತುಂಬಿರೋ ಹೊತ್ತಿಗೆ."