ಬೂದನಿಗೆ ತಂದ ಸೂಜಿ

ನನ್ನ ನಾಲಿಗೆ ಮೇಲಾಣೆ ಮಗಾ, ಈ ಸಲ ಹೇಳೋದು ಅಕ್ಷರ ಅಕ್ಷರನೂ ನಿಜ.

ಹೊಳೆ ದಂಡೇಲಿ ಒಂದು ಆಶ್ರಮ. ಅಲ್ಲಿ ಮರುಳಯ್ಯ ಅಂತ ಗುರುಗಳು. ಅವರು ಸ್ನಾನಕ್ಕಿಳಿದ್ರೆ ಮೊಸಳೆಗಳು ಬಾಲ ಮಡಚ್ಕೊಂಡು ದಾರಿ ಬಿಡ್ತಿದ್ವು.

ಒಬ್ಬನೇ ಶಿಷ್ಯ, ಸಿದ್ಲಿಂಗ. ಒಂದೇ ಹೋರಿಗರು, ಬೂದ. ತಾಯಿ ಸತ್ತ ಕರು, ಬಡಕಲು.

ಆಶ್ರಮದಲ್ಲಿ ಒಂದು ಪದ್ಧತಿ. ದನಕ್ಕೆ ಹಿಂಡಿ ಕೊಡ್ಲಿ, ಬೂಸಾ ಕೊಡ್ಲಿ, ಔಷಧಿ ಕೊಡ್ಲಿ, ಕೊಡೋನು ಮೊದಲು ತಾನು ಒಂಚೂರು ತಗೋಬೇಕು. ಸಿದ್ಲಿಂಗ ಹಿಂಡಿ ತಿಂದೂ ತಿಂದೂ ಅರ್ಧ ಎತ್ತಾಗಿದ್ದ.

ಒಂದಿನ ಕೆಂಚೇಗೌಡ ಬಂದ. ವರ್ಷವರ್ಷ ಆಶ್ರಮಕ್ಕೆ ಹುಲ್ಲು ಕಳಿಸೋನು ಅವನೇ. ಸಿದ್ಲಿಂಗನ ಕೈಗೆ ಸೂಜಿ, ಸೀಸೆ ಇಟ್ಟ.

"ದಿನಾ ಚುಚ್ಚು. ದನದ ಪ್ರದರ್ಶನದಲ್ಲಿ ಈ ಕರು ನನ್ನ ಹೆಸರಲ್ಲಿ ಗೆಲ್ಲಬೇಕು."

ಸಿದ್ಲಿಂಗ ಕುಣ್ಕೊಂಡು ಗುರುಗಳ ಹತ್ರ ಓಡ್ದ.

"ಇದೇನ್ಲಾ?"

"ಬೆಳೆಸೋ ಔಷಧಿ, ಬುದ್ಧಿ. ಮಿದುಳಿನ ಕೆಳಗೆ ಕಾಳಿನಷ್ಟು ಗ್ರಂಥಿ ಇದೆಯಂತೆ. ಬೆಳವಣಿಗೆ ಹಾರ್ಮೋನು ಅಲ್ಲಿಂದಾನೇ ಬರೋದಂತೆ. ಇದು ಒಳಗೆ ಹೋಗಿ ಆ ಗ್ರಂಥಿಗೆ 'ಬಿಡು, ಇನ್ನೂ ಬಿಡು' ಅನ್ನುತ್ತಂತೆ."

"ಹಂಗಾದ್ರೆ ಇದು ಔಷಧಿ ಅಲ್ಲ, ಅಪ್ಪಣೆ."

ಗುರುಗಳು ಎದ್ದು ಗೌಡನ ಮುಂದೆ ಬಂದು ನಿಂತ್ರು.

"ನಮ್ಮ ಪದ್ಧತಿ ಗೊತ್ತಲ್ಲ ಗೌಡ್ರೆ? ತೋಳು ಚಾಚಿ."

ಗೌಡ ಹಿಂದಕ್ಕೆ ನೆಗೆದ. "ಅಯ್ಯಯ್ಯೋ, ನಂಗ್ಯಾಕೆ ಚುಚ್ಚೋದು ಬುದ್ಧಿ?"

"ನಿಮ್ಮ ತಲೇಲೂ ಆ ಗ್ರಂಥಿ ಇರಬೇಕಲ್ಲ."

"ನಾನು ಬೆಳೆದಾಯ್ತು!"

ಗುರುಗಳು ಅವನ ಹೊಟ್ಟೆ ನೋಡಿದ್ರು. "ಯಾವ ಕಡೆಗೆ?"

ಸಿದ್ಲಿಂಗ ಕಿಸಕ್ ಅಂದ. ಗೌಡನ ಮುಖ ಕೆಂಪಾಯ್ತು.

"ಚುಚ್ಚದಿದ್ರೆ ಈ ವರ್ಷ ಒಂದೆಳೆ ಹುಲ್ಲೂ ಬರಲ್ಲ. ನಿಮ್ಮ ಕರು ಸಾಯ್ಲಿ!"

ಗುರುಗಳು ಸೂಜಿ, ಸೀಸೆ ತಗೊಂಡು ಗೌಡನ ಜೇಬಿಗೆ ಹಾಕಿದ್ರು.

"ಹುಲ್ಲು ಕೊಟ್ಟೋರಿಗೆ ಸಗಣಿ ಮೇಲೆ ಹಕ್ಕಿದೆ. ಬೇಕಾದ್ರೆ ಹೊತ್ಕೊಂಡೋಗಿ. ತಲೆಬುರುಡೆ ಒಳಗಿರೋದರ ಮೇಲಿಲ್ಲ."

ಗೌಡ ಕಾಲು ಅಪ್ಪಳಿಸ್ಕೊಂಡು ಹೋದ.

ಸಿದ್ಲಿಂಗ ಅಳೋಕೆ ಶುರು ಮಾಡ್ದ. "ಬುದ್ಧಿ, ಬೂದ ಇನ್ನೇನು ತಿಂತಾನೆ?"

ಗುರುಗಳು ಅವನ ಕೈಗೆ ಕುಡುಗೋಲು ಕೊಟ್ರು, ತಾವೂ ಒಂದು ಹಿಡಿದ್ರು. "ನಡಿ. ಹೊಳೆ ದಂಡೆ ಗೌಡಂದಲ್ಲ."

ಸಂಜೆವರೆಗೂ ಕೊಯ್ದ್ರು. ಅಂಗೈಲಿ ಬೊಬ್ಬೆ ಬಂತು. ಆ ಹಸಿ ಹುಲ್ಲು ತಿಂದು ಮಲಗಿದ್ದ ಬೂದ ಬೆಳಗ್ಗೆ ಎದ್ದು ನಿಂತ ನೋಡು ಮಗಾ, ಆನೆ ಗಾತ್ರ! ಕೊಂಬು ತಗುಲಿ ಸೂರು ಕಿತ್ತು ಹೋಯ್ತು, ಆಚೆ ದಡದಲ್ಲಿ ಗೌಡ...

"ತಾತಾ! ಒಂದೇ ರಾತ್ರೀಲಿ ಆನೆನಾ?"

ಸರಿ ಸರಿ, ಹಂಗೆ ಕಣ್ಣು ಕಣ್ಣು ಬಿಡಬೇಡ. ಕರು ಮೊದಲಿದ್ದಷ್ಟೇ ಇತ್ತು. ಸಿದ್ಲಿಂಗನೂ ಗೋಳಾಡ್ದ. "ಗೌಡ್ರನ್ನ ಎದುರು ಹಾಕ್ಕೊಂಡ್ವಿ, ಇದು ಬೆಳೆದೇ ಇಲ್ವಲ್ಲ ಬುದ್ಧಿ?"

ಗುರುಗಳು ಹುಲ್ಲು ಹರವ್ತಾ ಅಂದ್ರು:

"ಅದಕ್ಕಿನ್ನೂ ಕರುವಾಗಿರೋದೇ ಮುಗಿದಿಲ್ಲ ಕಣೋ."