ಎಂಟನೆಯ ಕೂಗು

"ಗುರುಗಳೇ, ಇನ್ನೊಬ್ಬರ ಸುಳ್ಳನ್ನು ಬರೀ ದಾಟಿಸಿದವನಿಗೂ ಪಾಪ ತಟ್ಟುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ನಾಡಿನಲ್ಲಿ ವರ್ಷಕ್ಕೊಮ್ಮೆ, ಬಲಿಪಾಡ್ಯಮಿಯ ದಿನ, ಅರಸ ಕೋಟೆಯ ಮೇಲೆ ನಿಂತು ಪ್ರಜೆಗಳಿಗೆ ನಾಡಿನ ಕ್ಷೇಮಸಮಾಚಾರ ಹೇಳುವ ವಾಡಿಕೆಯಿತ್ತು. ಬಯಲು ದೊಡ್ಡದು. ಅರಸನ ದನಿ ಎರಡನೆಯ ಸಾಲಿಗೂ ಮುಟ್ಟುತ್ತಿರಲಿಲ್ಲ. ಅದಕ್ಕೆಂದೇ ಬಯಲಿನುದ್ದಕ್ಕೂ ಒಂಬತ್ತು ಮಂದಿ ಕೂಗುಗಾರರನ್ನು ನಿಲ್ಲಿಸಿದ್ದರು. ಅರಸನ ಮಾತು ಕೇಳಿ ಮೊದಲನೆಯವನು ಕೂಗುವನು, ಅವನದನ್ನು ಕೇಳಿ ಎರಡನೆಯವನು. ಹೀಗೆ ಕೊನೆಯ ಸಾಲಿನವರೆಗೆ.

ಎಂಟನೆಯವನದು ಒಳ್ಳೆಯ ಕಂಠ. ಇಪ್ಪತ್ತು ವರ್ಷದಲ್ಲಿ ಒಂದಕ್ಷರ ತಪ್ಪಿದವನಲ್ಲ.

ಆ ವರ್ಷ ಚಿತ್ತೆ ಮಳೆಗೆ ಕೆರೆಯ ಏರಿ ಒಡೆದು ಕೆಳಗಿನ ಕೇರಿ ಕೊಚ್ಚಿಹೋಯಿತು. ಅರವತ್ತು ಜನ ಸತ್ತರು. ಎಂಟನೆಯವನ ತಂಗಿಯ ಗಂಡನೂ ಕೂಸೂ ಅದರಲ್ಲಿ ಹೋದರು. ಅವರನ್ನು ಮಣ್ಣು ಮಾಡಿದವನು ಅವನೇ.

ಪಾಡ್ಯಮಿ ಬಂತು. ಸುದ್ದಿ ಕೇಳಿದ ದೂರದ ಊರಿನವರು ಗಾಡಿಗಳಲ್ಲಿ ಜೋಳ ಹೇರಿಕೊಂಡು, ಏರಿ ಕಟ್ಟಲು ಗುದ್ದಲಿಗಳನ್ನೂ ಹಾಕಿಕೊಂಡು ಬಂದು ಕೊನೆಯ ಸಾಲಿನಲ್ಲಿ ನಿಂತಿದ್ದರು.

ಏಳನೆಯವನ ಕೂಗು ಬಂತು: "ಏರಿ ಒಡೆದದ್ದು ಹುಸಿ ಸುದ್ದಿ. ನಾಡಿನಲ್ಲಿ ಒಬ್ಬರೂ ಸತ್ತಿಲ್ಲ."

ಎಂಟನೆಯವನು ತನ್ನ ಕೈ ನೋಡಿಕೊಂಡ. ಗುಂಡಿ ತೋಡಿದ ಬೊಕ್ಕೆಗಳು ಅಂಗೈಯಲ್ಲಿ ಇನ್ನೂ ಮಾಗಿರಲಿಲ್ಲ. ಮಾತು ಅರಸನದು, ನನ್ನದು ಬರೀ ಗಂಟಲು ಎಂದುಕೊಂಡ. ಉಸಿರೆಳೆದು ಕೂಗಿದ. ಅಂದೂ ಒಂದಕ್ಷರ ತಪ್ಪಲಿಲ್ಲ.

ಎದುರಿನ ಗುಂಪಿನಿಂದ ತಂಗಿ ಮುಂದೆ ಬಂದಳು. "ಅಣ್ಣಾ, ಏನಂದೆ?"

"ನಾನಲ್ಲ ಕಣವ್ವ. ಅಂದದ್ದು ಅರಸರು."

"ಅರಸರ ದನಿ ನನಗೆ ಕೇಳಿಸಲಿಲ್ಲ. ಕೇಳಿಸಿದ್ದು ನಿನ್ನದು," ಎಂದು ಹೇಳಿ ಅವಳು ಹೊರಟುಹೋದಳು.

ಕೊನೆಯ ಸಾಲಿನವರು ಒಂಬತ್ತನೆಯವನ ಬಾಯಿಂದ ಅದನ್ನೇ ಕೇಳಿದರು. ದೇವರು ದೊಡ್ಡವನು ಎಂದು ಕೈಮುಗಿದು ಗಾಡಿ ತಿರುಗಿಸಿದರು. ಒಡೆಯದ ಏರಿಯನ್ನು ಕಟ್ಟುವವರು ಯಾರು? ಮುಂದಿನ ಮಳೆಗಾಲಕ್ಕೆ ನೀರು ಅದೇ ಕಂಡಿಯಿಂದ ನುಗ್ಗಿತು. ತಂಗಿ ಅಲ್ಲೇ ಮತ್ತೆ ಕಟ್ಟಿಕೊಂಡಿದ್ದ ಗುಡಿಸಲಿನ ಜಾಗದಲ್ಲಿ ಕೆಸರು ಉಳಿಯಿತು. ಎಂಟನೆಯವನು ಮೂರು ದಿನ ಹುಡುಕಿದ. ಅವಳ ಹೆಣ ಸಿಗಲಿಲ್ಲ.

ಮತ್ತೆ ಪಾಡ್ಯಮಿ ಬಂತು. ಏಳನೆಯವನು ಕೂಗಿದ: "ಈ ವರ್ಷವೂ ಒಬ್ಬರೂ ಸತ್ತಿಲ್ಲ." ಎಂಟನೆಯವನು ಬಾಯಿ ಬಿಗಿದು ನಿಂತ. ಭಟರು ಬಂದು ಹೊಡೆದರು. ಹಲ್ಲು ಮುರಿಯಿತು, ಬಾಯಿ ತೆರೆಯಲಿಲ್ಲ. ಒಂಬತ್ತನೆಯವನು ಸ್ವಲ್ಪ ಹೊತ್ತು ಕಾದ. ಕೂಗು ಬರಲಿಲ್ಲ. ಆಮೇಲೆ ಹಿಂದಿನ ವರ್ಷದ ಮಾತನ್ನೇ ತಾನಾಗಿ ಕೂಗಿದ: "ನಾಡಿನಲ್ಲಿ ಒಬ್ಬರೂ ಸತ್ತಿಲ್ಲ." ಜನ ಜಯಕಾರ ಹಾಕಿ ಮನೆಗೆ ಹೋದರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾದಂತಿತ್ತು. "ಹಾಗಾದರೆ ಹಿಂದಿನ ವರ್ಷ ಅವನು ಸುಮ್ಮನಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಒಂಬತ್ತನೆಯವನು ಹೇಗೂ ಕೂಗುತ್ತಿದ್ದನಲ್ಲ?" ಎಂದ.

ಗುರುಗಳು ಹೇಳಿದರು: "ಹಿಂದಿನ ವರ್ಷ ಒಂಬತ್ತನೆಯವನಿಗೆ ಆ ಮಾತು ಗೊತ್ತಿರಲಿಲ್ಲ."